ಐದನೇ ತುಂಬೆ

ಬೆಳಗಿನ ಆರು ಗಂಟೆಗೆ ರೇಣುಕಪ್ಪ ಮತ್ತು ಶಂಕರಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ಬೆನ್ನಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು ತುಂಬೆ ಹೂ ಕೀಳುತ್ತಿದ್ದರು. ಹಸಿರು ಬಟ್ಟಲನ್ನು ಗಿಡದಲ್ಲೇ ಬಿಟ್ಟು ಬಿಳಿ ಹೂವನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಎಳೆಯಬೇಕು. ಇರುವೆ ಇದ್ದರೆ ಊದಬೇಕು. ಆಮೇಲೆ ದೊನ್ನೆಗೆ ಹಾಕಬೇಕು. ಮಾತು ಮಾತ್ರ ಆಡುವಂತಿಲ್ಲ. ಕಾರ್ತಿಕದ ಸೋಮವಾರಗಳಲ್ಲಿ ಸಾವಿರ ತುಂಬೆ ಲಿಂಗಕ್ಕೆ ಏರುವವರೆಗೆ ಆ ಮನೆಯಲ್ಲಿ ಮೌನ. ಶಂಕರಮ್ಮನ ಅತ್ತೆಯ ಕಾಲದಿಂದ ಬಂದ ಕಟ್ಟಳೆ ಅದು. ಇಪ್ಪತ್ತೆರಡು ವರ್ಷದಿಂದ ಶಂಕರಮ್ಮ ಒಂದು ಸೋಮವಾರವನ್ನೂ ತಪ್ಪಿಸಿರಲಿಲ್ಲ.

ಮೌನ ಶಂಕರಮ್ಮನಿಗೆ ಕಷ್ಟವಲ್ಲ. ರೇಣುಕಪ್ಪನಿಗೆ ಅದು ಉಪವಾಸಕ್ಕಿಂತ ಕಷ್ಟ. ನರಸಿಂಹರಾಜಪುರದ ಬಸ್ ನಿಲ್ದಾಣದಲ್ಲಿ ಅವನು ಖಾಸಗಿ ಬಸ್ಸುಗಳ ಏಜೆಂಟ್. ಅವನು "ಕೊಪ್ಪಾ, ಕೊಪ್ಪಾ, ಕೊಪ್ಪಾ!" ಎಂದು ಕೂಗಿದರೆ ಕೊಪ್ಪಕ್ಕೆ ಹೋಗುವ ಯೋಚನೆಯೇ ಇಲ್ಲದವರೂ ಒಂದು ಸಲ ಚೀಲ ಎತ್ತಿಕೊಳ್ಳುತ್ತಿದ್ದರು. ಅಂಥ ಗಂಟಲು ಸೋಮವಾರ ಬೆಳಿಗ್ಗೆ ಎರಡು ತಾಸು ಬೀಗ ಹಾಕಿಕೊಂಡು ಕೂರುತ್ತಿತ್ತೆಂದರೆ ಅದು ಹೆಂಡತಿಯ ಮೇಲಿನ ಪ್ರೀತಿ, ಸ್ವಲ್ಪ ಭಯವೂ ಹೌದು.

ಆ ಸೋಮವಾರ ಸುಮಾರು ಆರುನೂರನೇ ಹೂವಿನ ಹೊತ್ತಿಗೆ ಶಂಕರಮ್ಮನ ತಮ್ಮ ರಾಜಶೇಖರ್ ಟೇಪು ಹಿಡಿದುಕೊಂಡು ಬಂದ. ಹಿಂದೆ ಜೆಸಿಬಿ ಡ್ರೈವರ್. ರಾಜಶೇಖರ್‌ಗೆ ಎರಡು ಬಸ್ಸುಗಳಿದ್ದವು. ಈ ಖಾಲಿ ಜಾಗವೂ ಅವನದೇ.

"ಅಕ್ಕಾ, ಇವತ್ತೇ ಕೊನೆ. ಎಷ್ಟು ಬೇಕೋ ಅಷ್ಟು ಕಿತ್ಕೋ. ನಾಳೆ ಜೆಸಿಬಿ ಬರ್ತದೆ. ಬಸ್ ನಿಲ್ಲಿಸೋಕೆ, ತೊಳೆಯೋಕೆ ಜಾಗ ಬೇಕು ನಂಗೆ."

ಶಂಕರಮ್ಮ ತಲೆ ಎತ್ತಿದಳು. ಬಾಯಿ ತೆರೆಯುವ ಹಾಗಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ರಾಜಶೇಖರ್ ನೋಡಲಿಲ್ಲ, ಟೇಪು ನೋಡುತ್ತಿದ್ದ. ರೇಣುಕಪ್ಪ ನೋಡಿದ.

"ಬೇಜಾರು ಮಾಡ್ಕೋಬೇಡ ಮಾರಾಯ್ತಿ. ತುಂಬೆ ಎಲ್ಲಿ ಬೇಕಾದ್ರೂ ಸಿಗ್ತದೆ," ಎಂದ ರಾಜಶೇಖರ್ ಟೇಪಿನಿಂದ ಕಣ್ಣು ತೆಗೆಯದೆ.

ಸಿಗುತ್ತಿರಲಿಲ್ಲ. ಕಡಹಿನಬೈಲಿನವರೆಗೂ ರಸ್ತೆಯ ಎರಡೂ ಬದಿ, ಎಲ್ಲರ ತೋಟದ ಬುಡ, ಗದ್ದೆಯ ಬದು, ಎಲ್ಲ ಕಡೆ ಕಳೆ ಸಾಯುವ ಔಷಧಿ ಹೊಡೆದು ನೆಲವೆಲ್ಲ ಗಡ್ಡ ಬೋಳಿಸಿದ ಕೆನ್ನೆಯ ಹಾಗಾಗಿತ್ತು. ಸಾವಿರ ತುಂಬೆ ಸಿಗುವ ನೆಲ ಇನ್ನು ಇದೊಂದೇ. ಇದು ಹೋದರೆ ಶಂಕರಮ್ಮನ ಸೋಮವಾರವೂ ಹೋದಂತೆ.

ಅಲ್ಲಿಗೆ ರೇಣುಕಪ್ಪನ ಬೀಗ ಮುರಿಯಿತು.

"ಏಯ್, ಇದೇನು ಬರೀ ತುಂಬೆ ಅಂದ್ಕೊಂಡ್ಯಾ? ಐದು ಜಾತಿ ತುಂಬೆ ಇದೆ ಇಲ್ಲಿ! ಐದು! ಬೇರೆ ಬೇರೆ! ಇಡೀ ತಾಲೂಕಲ್ಲಿ ತೋರಿಸು ನೋಡೋಣ!"

ಐದೇ ಏಕೆ ಎಂದು ಯಾರಾದರೂ ಕೇಳಬಹುದು. ದೊನ್ನೆ ಹಿಡಿಯದ ಕೈಯನ್ನು ಅವನು ಮೇಲೆತ್ತಿದ್ದ. ಅದರಲ್ಲಿ ಐದು ಬೆರಳಿದ್ದವು. ಬೇರೆ ಕಾರಣ ಇರಲಿಲ್ಲ.

ರಾಜಶೇಖರ್ ಟೇಪು ಬಿಟ್ಟ. ಅದು ಸರ್ರನೆ ಸುರುಳಿ ಸುತ್ತಿ, ಇನ್ನೊಂದು ತುದಿ ಹಿಡಿದಿದ್ದ ಡ್ರೈವರ್ ಕೈಗೆ ಹೊಡೆಯಿತು.

"ಭಾವ, ಹೋದ ವರ್ಷ ನನ್ನ ಮಗಳ ಮದುವೆಗೆ ಮಲ್ಲಿಗೆ ತನ್ನಿ ಅಂದ್ರೆ ಕಾಕಡ ತಂದವರು ನೀವು."

"ಮದುವೆ ಗಡಿಬಿಡಿ ಬೇರೆ, ಇದು ಬೇರೆ."

"ಸರಿ ಹಾಗಾದ್ರೆ. ಕೊಪ್ಪದಲ್ಲಿ ದಿವ್ಯ ಮೇಡಂ ಅಂತ ಇದಾರೆ, ಕಾಲೇಜಲ್ಲಿ ಗಿಡದ ಪಾಠ ಮಾಡೋರು. ಬರೋ ಸೋಮವಾರ ಕರ್ಕೊಂಡು ಬರ್ತೀನಿ. ಅವರ ಎದುರಿಗೆ ಐದು ತೋರಿಸಿ. ತೋರಿಸಿದ್ರೆ ಈ ಜಾಗದ ಮೇಲೆ ಒಂದು ಚಕ್ರ ಹರಿಸಲ್ಲ. ನಾಲ್ಕೇ ಆದ್ರೆ, ಜೆಸಿಬಿಗೆ ಕಾಯಿ ನೀವೇ ನಿಂತು ಒಡೀಬೇಕು."

"ಒಡೀತೀನಿ. ಒಡೆಯೋ ಪ್ರಸಂಗನೇ ಬರಲ್ಲ," ಎಂದ ರೇಣುಕಪ್ಪ. ಹೇಳಿದ ಮೇಲೆ ಹೆಂಡತಿಯ ಮುಖ ನೋಡಿದ. ಮೌನದಲ್ಲೂ ಬೈಯುವ ವಿದ್ಯೆ ಕೆಲವು ಹೆಂಗಸರಿಗೆ ಗೊತ್ತು.

ಪೂಜೆ ಮುಗಿದು ಮಂಗಳಾರತಿ ಇಳಿದ ಕೂಡಲೇ ಶಂಕರಮ್ಮ ಆಡಿದ ಮೊದಲ ಮಾತು "ನಾಲ್ಕು."

"ಎಂತ ನಾಲ್ಕು?"

"ಅಲ್ಲಿರೋದು ನಾಲ್ಕು ಥರ. ನೀವು ಒಂದು ಜಾಸ್ತಿ ಹೇಳಿದ್ರಿ."

ರೇಣುಕಪ್ಪ ಗೋಡೆಗೆ ಒರಗಿದ. ತಾನು ಹೇಳಿದ ಸುಳ್ಳಿನಲ್ಲಿ ಐದರಲ್ಲಿ ನಾಲ್ಕು ಪಾಲು ನಿಜವಿರಬಹುದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಶಂಕರಮ್ಮ ಹೊರಗೆ ಹೋಗಿ ನಾಲ್ಕು ಕಡ್ಡಿ ತಂದು ಮಣೆಯ ಮೇಲೆ ಸಾಲಾಗಿ ಇಟ್ಟಳು.

"ಹೆಸರು ಗಿಸರು ನಂಗೆ ಗೊತ್ತಿಲ್ಲ. ಕೈಗೆ ಗೊತ್ತು ಅಷ್ಟೆ. ಇದರ ಹೂ ಮುಟ್ಟಿದ್ರೆ ಬರ್ತದೆ. ಇದನ್ನ ಎಳೀಬೇಕು. ಇದು ಬೆರಳಿಗೆ ಚುಚ್ತದೆ. ಇದು ನೆಲದಲ್ಲಿ ಹರಿದುಕೊಂಡು ಹೋಗ್ತದೆ, ಒಂದು ಕಡೆ ಎರಡೇ ಹೂ."

ರೇಣುಕಪ್ಪ ಕನ್ನಡಕ ಹಾಕಿ ನೋಡಿದ. ತೆಗೆದು ನೋಡಿದ. "ಎಲ್ಲಾ ಬಿಳೀನೇ ಅಲ್ವಾ ಮಾರಾಯ್ತಿ?"

ಮಂಗಳವಾರ ಕೆಲಸಕ್ಕೆ ಹೋಗುವ ಮುಂಚೆಯೂ ಬಂದ ಮೇಲೂ ಪಾಠ ನಡೆಯಿತು. ಶಂಕರಮ್ಮ ಕಡ್ಡಿಗಳನ್ನು ಕಲಸಿ ಇಡುವುದು, ರೇಣುಕಪ್ಪ ಬೇರೆ ಮಾಡುವುದು. ಒಂದು ಸಲ ಅವನು ನಾಲ್ಕನ್ನೂ ಒಂದೇ ಎಂದ. ಇನ್ನೊಂದು ಸಲ ಒಂದೇ ಗಿಡದ ಎರಡು ಕಡ್ಡಿಯನ್ನು ಬೇರೆ ಬೇರೆ ಜಾತಿ ಎಂದು ಘೋಷಿಸಿ, ಇಗೋ ಐದನೇದು ಸಿಕ್ಕಿತು ಎಂದು ಕುಣಿದ. ಶಂಕರಮ್ಮ ಎದ್ದು ಹೋಗಿ ಅಕ್ಕಿ ತೊಳೆದಳು.

ಇತ್ತ ನಿಲ್ದಾಣದೆದುರಿನ ಹೂವಪ್ಪನ ಚಹದಂಗಡಿಯಲ್ಲಿ ಊರು ಎರಡು ಪಾಲಾಗಿತ್ತು. ಹೂವಪ್ಪ ಯಾರ ಪಾಲಿಗೂ ಸೇರದೆ ಇಬ್ಬರಿಗೂ ಚಹಾ ಮಾರುತ್ತಿದ್ದ.

"ರೇಣುಕಣ್ಣ, ಐದೂ ಗೊತ್ತಲ್ವಾ ನಿಂಗೆ?" ಎಂದು ಎಲ್ಲರ ಎದುರಿಗೆ ಕೇಳಿದ.

"ಗೊತ್ತು ಮಾರಾಯ."

"ಹಾಗಾದ್ರೆ ಮೊದಲನೇದು ಹೇಳು."

"ಈಗಲೇ ಹೇಳಿದ್ರೆ ಸೋಮವಾರ ಯಾರು ಬರ್ತಾರೆ?" ಎಂದು ರೇಣುಕಪ್ಪ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ.

ಬುಧವಾರ ಮಧ್ಯಾಹ್ನ ಶಂಕರಮ್ಮ ಬುತ್ತಿ ಕೊಡಲು ನಿಲ್ದಾಣಕ್ಕೆ ಬಂದಳು. ದೂರದ ತಿರುವಿನಲ್ಲಿ ನೀಲಿ ಬಣ್ಣದ ಬಸ್ಸೊಂದು ಕಾಣಿಸಿತು. ಅದರ ಹಿಂದೆ ಅಂಥದೇ ನೀಲಿಯ ಇನ್ನೊಂದು. ಎರಡೂ ರಾಜಶೇಖರನವು, ಒಂದೇ ಕಂಪನಿ, ಒಂದೇ ವರ್ಷದವು. ಬೋರ್ಡು ಯಾರ ಕಣ್ಣಿಗೂ ಕಾಣುವ ಮೊದಲೇ ರೇಣುಕಪ್ಪ, "ಶೃಂಗೇರಿಯವರು ಈ ಕಡೆ! ಕೊಪ್ಪದವರು ಹಿಂದಿಂದಕ್ಕೆ!" ಎಂದು ಕೂಗಿದ.

"ಹೇಗೆ ಗೊತ್ತಾಯ್ತು?" ಶಂಕರಮ್ಮ ಕೇಳಿದಳು.

"ಅದೆಂತ ಕೇಳ್ತೀಯ? ಶೃಂಗೇರಿ ಗಾಡಿಗೆ ಗಾಜಿನ ಮೇಲೆ ತಗಡು ಟೋಪಿ ಥರ ಮುಂದೆ ಬಂದಿದೆ. ಮೈ ಒಂಚೂರು ಸಪೂರ ಕಾಣ್ತದೆ. ಕೊಪ್ಪದ್ದು ಯಾವಾಗ್ಲೂ ಭರ್ತಿ, ಬಾಗಿಲಿಗೆ ಜನ ಗೊಂಚಲು ಗೊಂಚಲಾಗಿ ಜೋತು ಬಿದ್ದಿರ್ತಾರೆ. ತೂಕಕ್ಕೆ ಬಾಗಿಲು ಓರೆಯಾಗಿದೆ. ಕುರುಡನಿಗೂ ಗೊತ್ತಾಗ್ತದೆ."

"ತುಂಬೇನೂ ಹಾಗೇ ನೋಡಿ," ಎಂದು ಶಂಕರಮ್ಮ ಬುತ್ತಿ ಕೊಟ್ಟು ಹೊರಟುಹೋದಳು.

ರೇಣುಕಪ್ಪ ಬುತ್ತಿ ಬಿಚ್ಚಲೇ ಇಲ್ಲ. ಸೀದಾ ಮನೆಗೆ ಓಡಿ ಕಡ್ಡಿಗಳ ಮುಂದೆ ಕೂತ. ಗೊಂಚಲು ತುಂಬ ಹೂ ಜೋತು ಬಿದ್ದು ಬಟ್ಟಲಿನ ಬಾಯಿ ಓರೆಯಾಗಿರುವ ಈ ಸಾಮಾನ್ಯ ತುಂಬೆ ಕೊಪ್ಪದ ಬಸ್ಸಲ್ಲದೆ ಮತ್ತೇನು? ಸಪೂರ ಎಲೆ, ಬಟ್ಟಲಿನ ಮೇಲಂಚು ಟೋಪಿಯ ಹಾಗೆ ಮುಂದೆ ಚಾಚಿದ್ದು ಶೃಂಗೇರಿ. ದುಂಡಗೆ ಉಬ್ಬಿ ಸುತ್ತಲೂ ಉದ್ದುದ್ದ ಮುಳ್ಳು ಕೂದಲು, ಬಟ್ಟಲಿನ ಹಲ್ಲುಗಳೆಲ್ಲ ನಕ್ಷತ್ರದ ಹಾಗೆ ಹೊರಗೆ ಚಾಚಿದ್ದು ಕಿಗ್ಗದ ಗಾಡಿ: ಟಾಪಿನ ಮೇಲೆ ಬಾಳೆಗೊನೆ, ಏಣಿ, ಕಬ್ಬಿಣದ ಸರಳು ಎಲ್ಲ ಹೊರಗೆ ಚಾಚಿಕೊಂಡೇ ಓಡುವುದು. ನೆಲಕ್ಕೆ ಅಂಟಿ ಹರಿದು, ಗೆಣ್ಣಿಗೆ ಎರಡೇ ಹೂ ಬಿಡುವುದು ಬಸರೀಕಟ್ಟೆ ಜೀಪು. ಒಂದೊಂದು ತಿರುವಿಗೆ ಇಬ್ಬಿಬ್ಬರೇ ಹತ್ತುತ್ತಾರೆ.

ಸಂಜೆ ಶಂಕರಮ್ಮ ಕಡ್ಡಿಗಳನ್ನು ಹನ್ನೆರಡು ಸಲ ಕಲಸಿಟ್ಟಳು. ರೇಣುಕಪ್ಪ ಹನ್ನೆರಡು ಸಲವೂ ಸರಿಯಾಗಿ ಹತ್ತಿಸಿ ಕಳಿಸಿದ.

"ನಾಲ್ಕಾಯ್ತು," ಎಂದಳು ಶಂಕರಮ್ಮ. "ಇನ್ನೊಂದು ನೀವೇ ಹುಟ್ಟಿಸಿದ್ದು. ನೀವೇ ಹುಡುಕಿ."

ಗುರುವಾರ ರೇಣುಕಪ್ಪ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ರಜೆ ಹಾಕಿ ಬಸ್ಸು ಹತ್ತಿದ. ಕೊಪ್ಪದಲ್ಲಿ ಇಳಿದು ನಿಲ್ದಾಣದ ಹಿಂದೆಲ್ಲ ಹುಡುಕಿದ. ಶೃಂಗೇರಿಯಲ್ಲಿ ಹೊಳೆದಂಡೆಯ ಪೊದೆಯಲ್ಲಿ ತಲೆ ಹಾಕಿ, ಏನು ಕಳೆದುಹೋಯಿತೆಂದು ಕೇಳಿದವರಿಗೆ "ಐದನೇದು" ಎಂದು ಉತ್ತರಿಸಿದ. ಅವರೂ ಪಾಪ, ಏನೆಂದು ತಿಳಿಯದೆ ಒಂದು ತಾಸು ಜೊತೆಗೆ ಹುಡುಕಿದರು. ಕೊನೆಗೆ ಕಿಗ್ಗದಲ್ಲಿ ಒಬ್ಬ ಮುದುಕಿಯ ಬೇಲಿಯ ಬಳಿ ಸೊಂಟದೆತ್ತರದ, ನೇರಳೆ ಹೂವಿನ ಗಿಡ ಕಂಡಿತು.

"ಇದೆಂತದಮ್ಮಾ?"

"ಕರಿತುಂಬೆ."

ರೇಣುಕಪ್ಪ ಮುದುಕಿಗೆ ಎರಡು ಸಲ ಕೈಮುಗಿದು, ಗಿಡವನ್ನು ಬೇರು ಸಮೇತ ಬಿಸ್ಕತ್ತಿನ ಡಬ್ಬಕ್ಕೆ ಇಳಿಸಿ ಬಸ್ಸಿನಲ್ಲಿ ಕಂಡಕ್ಟರನ ಸೀಟಿನ ಮೇಲೆ ಕೂರಿಸಿದ. ಕಂಡಕ್ಟರ್ ಊರು ಬರುವವರೆಗೆ ನಿಂತೇ ಬಂದ.

"ಎಂತದಣ್ಣ ಇದು, ಔಷಧಿಯಾ?" ಒಬ್ಬರು ಕೇಳಿದರು.

"ಸುಮ್ಮನೆ ಸಿಗೋದಲ್ಲ ಇದು," ಎಂದ ರೇಣುಕಪ್ಪ ಗಂಭೀರವಾಗಿ.

ಅಷ್ಟೇ ಅವನು ಹೇಳಿದ್ದು. ಕೊಪ್ಪ ದಾಟುವಾಗ ಅದು ಔಷಧಿಯಾಗಿತ್ತು. ನರಸಿಂಹರಾಜಪುರ ತಲುಪುವಾಗ ಹೂವಪ್ಪನ ಮೊಬೈಲಿನಲ್ಲಿ ಗಿಡದ ಫೋಟೋ ಬಂದು ಕೂತಿತ್ತು: 'ಮಂಡಿ ನೋವಿಗೆ ಮೂರೇ ದಿನದಲ್ಲಿ ಪರಿಹಾರ, ರೇಣುಕಪ್ಪನವರ ಮನೆ ಪಕ್ಕ, ಎಲ್ಲರಿಗೂ ಕಳಿಸಿ.'

ಶುಕ್ರವಾರ ಬೆಳಿಗ್ಗೆ ಬೇಲಿಯ ಹತ್ತಿರ ಹನ್ನೊಂದು ಜನ ನಿಂತಿದ್ದರು. ಇಪ್ಪತ್ತೆರಡು ಮಂಡಿ. ಎಲ್ಲರ ಕೈಯಲ್ಲೂ ಚೀಲ. ಇವರು ಒಳಗೆ ನುಗ್ಗಿದರೆ ಜೆಸಿಬಿಗೆ ಕೆಲಸವೇ ಉಳಿಯುವುದಿಲ್ಲವೆಂದು ರೇಣುಕಪ್ಪ ಬೇಲಿಗೆ ಅಡ್ಡ ನಿಂತ. ಶಂಕರಮ್ಮ ಹೊರಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿದಳು.

"ಕಿತ್ಕೊಳ್ಳಿ. ಮಂಡಿ ನೋವು ನಿಜವಾಗ್ಲೂ ಇದ್ದವರಿಗೆ ಮಾತ್ರ ಅದು ಹಿಡಿಯೋದು. ಇಲ್ಲದವರು ತಿಂದ್ರೆ ಬರ್ತದೆ. ಯಾರಿಗೆ ಬಗ್ಗೋಕಾಗ್ತದೆ, ಅವರು ಬಗ್ಗಿ ಕಿತ್ಕೊಳ್ಳಿ."

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಗ್ಗಿದರೆ ನೋವಿಲ್ಲವೆಂದಾಗುತ್ತದೆ, ನೋವಿಲ್ಲವೆಂದರೆ ತಿನ್ನುವ ಹಾಗಿಲ್ಲ. ಕಾಲು ಗಂಟೆ ನಿಂತು, ನೀರು ಕುಡಿದು, ಮರಳಿ ಹೋದರು.

ಶನಿವಾರ ಅರಣ್ಯ ಇಲಾಖೆಯ ಗಾರ್ಡ್ ಪ್ರಸನ್ನಕುಮಾರ್ ಬೈಕಿನಲ್ಲಿ ಬಂದ. ಅವನಿಗೂ ಫೋಟೋ ಹೋಗಿತ್ತು. ಕೈಯಲ್ಲಿ ಪುಸ್ತಕ, ಕಿವಿಯಲ್ಲಿ ಪೆನ್ನು.

"ಅಪರೂಪದ ಗಿಡ ಇದೆಯಂತೆ?"

ಅವನ ಹಿಂದೆಯೇ ಏದುಸಿರು ಬಿಡುತ್ತ ರಾಜಶೇಖರ್. "ಸಾರ್, ಅಪರೂಪ ಗಿಪರೂಪ ಎಂತದೂ ಇಲ್ಲ! ಕಳೆ! ಬರೀ ಕಳೆ! ನಮ್ಮ ಭಾವನಿಗೆ ತಲೆ ಸರಿ ಇಲ್ಲ. ಜಾಗ ಹೋಗ್ತದಾ ಸಾರ್?"

"ಯಾರ್ರೀ ಜಾಗ ಕೇಳಿದ್ದು? ನಾನು ನೋಡೋಕೆ ಬಂದಿದ್ದು. ಹೆಸರೇ ಗೊತ್ತಿಲ್ಲದೆ ಪುಸ್ತಕದಲ್ಲಿ ಎಂತ ಬರೀಲಿ?" ಪ್ರಸನ್ನಕುಮಾರ್ ಸ್ವಲ್ಪ ಯೋಚಿಸಿ, 'ಬಿಳಿ ಹೂವು, ಬಹಳ' ಎಂದು ಬರೆದುಕೊಂಡು, ಸೋಮವಾರ ಬರುತ್ತೇನೆಂದು ಹೇಳಿ ಹೋದ.

ರಾಜಶೇಖರನ ಎದೆಗೆ ಭಯ ಹೊಕ್ಕಿತು. ಐದು ಸಿಕ್ಕರೆ ಇಲಾಖೆ, ಇಲಾಖೆ ಬಂದರೆ ಬೇಲಿ, ಬೇಲಿ ಬಂದರೆ ತಾನು ಹೊರಗೆ. ಭಾನುವಾರವೇ ಕೆಲಸ ಮುಗಿಸಿಬಿಡೋಣವೆಂದು ಡ್ರೈವರನಿಗೆ ಫೋನು ಮಾಡಿದ. ಆ ಹನ್ನೊಂದು ಜನರಲ್ಲಿ ಡ್ರೈವರನ ತಾಯಿಯೂ ಒಬ್ಬಳು.

"ಆಗಲ್ಲಣ್ಣ. ಅಮ್ಮ ಮನೇಲಿ ಸೋಮವಾರದ ಫಲಿತಾಂಶ ಕಾಯ್ತಾ ಕೂತಿದಾಳೆ. ಅದಕ್ಕೆ ಮುಂಚೆ ಬಕೆಟ್ ಇಳಿಸಿದ್ರೆ ನಂಗೆ ಊಟ ಇಲ್ಲ."

ಸೋಮವಾರ ಬಂತು. ಬೇಲಿಯ ಹೊರಗೆ ಅರ್ಧ ಊರು. ಹೂವಪ್ಪ ಚಹದ ಕೆಟಲನ್ನೇ ಹೊತ್ತು ತಂದಿದ್ದ. ಮೂಲೆಯಲ್ಲಿ ಜೆಸಿಬಿ, ಅದರ ಕತ್ತಿಗೆ ರಾಜಶೇಖರ್ ಹಾಕಿಸಿದ ಚೆಂಡುಹೂವಿನ ಹಾರ. ಆ ದಿನದ ಸಾವಿರ ಹೂ ಇನ್ನೂ ಕಿತ್ತಾಗಿರಲಿಲ್ಲ, ಪೂಜೆ ಆಗಿರಲಿಲ್ಲ. ರೇಣುಕಪ್ಪ ಮಾತಾಡದೆ ವಿಧಿಯಿಲ್ಲ. ಹಿಂದಿನ ದಿನವೇ ಶಂಕರಮ್ಮ ದಾರಿ ಹೇಳಿದ್ದಳು: "ನೀವು ಮಾತಾಡಿ. ಇಬ್ಬರ ಮೌನಾನೂ ನಾನೇ ಇಟ್ಕೋತೀನಿ." ಈಗ ಅವಳು ಯಾರ ಕಡೆಗೂ ನೋಡದೆ ಇನ್ನೊಂದು ಮೂಲೆಯಲ್ಲಿ ಕೂತು ಹೂ ಕೀಳುತ್ತಿದ್ದಳು. ಅಂದು ಅವಳ ಮೌನ ನಿಜಕ್ಕೂ ಎರಡು ಪಟ್ಟಾಗಿತ್ತು.

ದಿವ್ಯ ಮೇಡಂ ಕೊಪ್ಪದ ಬಸ್ಸಿನಿಂದ ಇಳಿದು ಬಂದರು. ಸಣ್ಣ ಪ್ರಾಯ. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಬೆರಳುದ್ದದ ಭೂತಗನ್ನಡಿ. "ಯಾರು ತೋರಿಸೋರು?"

ರೇಣುಕಪ್ಪ ಗಂಟಲು ಸರಿಮಾಡಿಕೊಂಡ. ಆಮೇಲೆ ಅವನಿಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಶುರುಮಾಡಿದ.

"ಕೊಪ್ಪಾ, ಕೊಪ್ಪಾ! ಫುಲ್ ಗಾಡಿ, ಗೊಂಚಲು ಗೊಂಚಲು ಜನ, ಬಾಗಿಲು ಓರೆ! ಬನ್ನಿ ಮೇಡಂ, ಬಾಗಿ ನೋಡಿ! ಪಕ್ಕದ್ದು ಶೃಂಗೇರಿ! ಸಪೂರ ಎಲೆ, ಬಟ್ಟಲಿಗೆ ಟೋಪಿ! ಕಿಗ್ಗಾ! ಟಾಪಲ್ಲಿ ಲಗೇಜು, ಸುತ್ತಾ ಸರಳು, ಹುಷಾರು ಮೇಡಂ, ಚುಚ್ತದೆ! ನಿಮ್ಮ ಚಪ್ಪಲಿ ಪಕ್ಕದಲ್ಲಿ ಬಸರೀಕಟ್ಟೆ ಜೀಪು! ಸ್ಟಾಪಿಗೆ ಇಬ್ಬರೇ!"

ಜನ ಬಿದ್ದು ಬಿದ್ದು ನಕ್ಕರು. ರಾಜಶೇಖರ್ ಎಲ್ಲರಿಗಿಂತ ಜೋರಾಗಿ ನಕ್ಕ. ದಿವ್ಯ ಮೇಡಂ ನಗಲಿಲ್ಲ. ಒಂದೊಂದರ ಮುಂದೆಯೂ ಮಂಡಿಯೂರಿ ಗಾಜು ಹಿಡಿದು ನೋಡಿದರು. ಎದ್ದಾಗ ಅವರ ಮುಖ ಬೇರೆಯೇ ಆಗಿತ್ತು.

"ನಾಲ್ಕೂ ಸರಿ. ಬಟ್ಟಲಿನ ಬಾಯಿ ನೋಡಿಯೇ ಇವನ್ನ ಬೇರೆ ಮಾಡ್ಬೇಕು. ನನ್ನ ಹುಡುಗರು ಮೂರು ವರ್ಷ ಓದಿದ್ರೂ ಎಲೆ ನೋಡಿ ತಪ್ಪು ಹೇಳ್ತಾರೆ. ಎಲ್ಲಿ ಕಲಿತ್ರಿ ಸರ್?"

ರೇಣುಕಪ್ಪನನ್ನು ಜೀವಮಾನದಲ್ಲಿ ಯಾರೂ ಸರ್ ಎಂದಿರಲಿಲ್ಲ. ಅವನು ಮೂಲೆಯ ಕಡೆ ಕೈ ತೋರಿಸಿದ. "ಅವಳ ಹತ್ರ."

"ಐದನೇದು?" ಎಂದ ರಾಜಶೇಖರ್.

ರೇಣುಕಪ್ಪ ಎದೆ ಉಬ್ಬಿಸಿ ಬೇಲಿಯ ಬದಿಯಲ್ಲಿ ತಾನು ತಂದು ನೆಟ್ಟಿದ್ದ ನೇರಳೆ ಹೂವಿನ ಗಿಡದ ಬಳಿಗೆ ಮೇಡಂ ಅವರನ್ನು ಕರೆದೊಯ್ದ. ಅದು ಕತ್ತು ಬಗ್ಗಿಸಿ ನಿಂತಿತ್ತು. ಮೇಡಂ ಒಂದೇ ನೋಟ ನೋಡಿದರು.

"ಜನ ಕರಿತುಂಬೆ ಅಂತಾರೆ, ನಿಜ. ಆದ್ರೆ ಇದು ತುಂಬೆ ಕುಲದ್ದಲ್ಲ ಸರ್, ದೂರದ ನೆಂಟ. ಮತ್ತೆ..." ಅವರು ಸ್ವಲ್ಪ ಸಂಕೋಚಪಟ್ಟರು. "ಬುಡದ ಮಣ್ಣು ಚೌಕಾಕಾರದಲ್ಲಿದೆ. ಬಿಸ್ಕತ್ತಿನ ಡಬ್ಬದ ಹಾಗೆ."

"ನಾಲ್ಕೇ!" ರಾಜಶೇಖರ್ ಎರಡೂ ಕೈ ಎತ್ತಿದ. "ಎಲ್ಲರೂ ಕೇಳಿದ್ರಲ್ಲ? ನಾಲ್ಕೇ! ಭಾವ, ತಗೊಳ್ಳಿ ಕಾಯಿ. ಏಯ್, ಗಾಡಿ ಶುರು ಮಾಡೋ!"

ಜೆಸಿಬಿ ಗುರ್ರೆಂದಿತು. ಮೂಲೆಯಲ್ಲಿ ಶಂಕರಮ್ಮನ ಕೈ ಒಂದು ಗಳಿಗೆ ನಿಂತು ಮತ್ತೆ ಹೂವಿಗೆ ಹೋಯಿತು, ಈ ಸಲ ಬೇಗ ಬೇಗ. ಕೊನೆಯ ಸಾವಿರವಾದರೂ ಪೂರ್ತಿಯಾಗಲೆಂದೋ ಏನೋ.

ರೇಣುಕಪ್ಪ ಕಾಯಿ ಹಿಡಿದು ಜೆಸಿಬಿಯ ಮುಂದೆ ಹೋದ. ಕಾಯಿ ಒಡೆಯಲು ಕಲ್ಲು ಹುಡುಕುತ್ತ ಬಗ್ಗಿದ. ಬಕೆಟ್ಟಿನ ಕಬ್ಬಿಣದ ಹಲ್ಲಿಗೆ ಒಂದು ಗೇಣು ದೂರದಲ್ಲಿ ಒಂದು ತುಂಬೆ ಗಿಡವಿತ್ತು. ಗೊಂಚಲು ತುಂಬ ಹೂ, ಭರ್ತಿ ಗಾಡಿ. ಕೊಪ್ಪ, ಎಂದುಕೊಂಡ. ಕಲ್ಲಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

ಬೋರ್ಡು ಕೊಪ್ಪದ್ದೇ. ಜನವೂ ಕೊಪ್ಪದಷ್ಟೇ. ಆದರೆ ಬಾಗಿಲು?

"ನಿಲ್ಸೋ ಗಾಡೀ!"

ಆ ಕೂಗಿಗೆ ಜೆಸಿಬಿ ನಿಂತಿತು. ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಎರಡು ಬಸ್ಸುಗಳೂ ಒಂದು ಹಾಲಿನ ವ್ಯಾನೂ ನಿಂತವು.

"ಇದು ಕೊಪ್ಪದ ಗಾಡಿ ಅಲ್ಲ! ಮೇಡಂ, ಓಡಿ ಬನ್ನಿ! ಇದರ ಬಾಗಿಲು ಓರೆ ಇಲ್ಲ, ನೇರ ಇದೆ! ಇದು ನಮ್ಮ ಸ್ಟ್ಯಾಂಡಿಗೆ ಯಾವತ್ತೂ ಬಂದ ಗಾಡಿಯಲ್ಲ!"

"ಬರೀ ನಾಟಕ," ಎಂದ ರಾಜಶೇಖರ್. "ಸೋತ ಮೇಲೆ..."

ದಿವ್ಯ ಮೇಡಂ ಆಗಲೇ ಬಕೆಟ್ಟಿನ ಕೆಳಗೆ ಹೊಟ್ಟೆ ಮೇಲೆ ಮಲಗಿದ್ದರು. ಹೊಸ ಚೂಡಿದಾರಕ್ಕೆ ಕೆಮ್ಮಣ್ಣು ಮೆತ್ತಿತು. ಒಂದು ಹೂ ಕಿತ್ತು ಖಾಲಿ ಬಟ್ಟಲಿನೊಳಗೆ ಗಾಜು ಹಿಡಿದರು. ಒಂದು ನಿಮಿಷವಾಯಿತು. ಎರಡಾಯಿತು. ಹೂವಪ್ಪನ ಕೆಟಲಿನಿಂದ ಚಹಾ ಲೋಟ ತುಂಬಿ ಹೊರಗೆ ಚೆಲ್ಲುತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ.

"ಬಾಯಿ ನೇರ," ಎಂದರು ಮೇಡಂ ಕೆಳಗಿನಿಂದಲೇ. "ಒಳಗೆ ಸುತ್ತ ಬಿಳಿ ಕೂದಲು. ಇದು ಆ ನಾಲ್ಕರಲ್ಲಿ ಯಾವುದೂ ಅಲ್ಲ. ತುಂಬೆ ಕುಲದ್ದೇ, ಆದ್ರೆ ಬೇರೆ. ಹೆಸರು ಈಗಲೇ ಹೇಳೋಕೆ ನನಗೂ ಆಗಲ್ಲ, ಒಣಗಿಸಿಟ್ಟ ಗಿಡಗಳ ಜೊತೆ ಹೋಲಿಸಿ ನೋಡ್ಬೇಕು." ಎದ್ದು ಕೂತರು. ಮೂಗಿನ ಮೇಲೆ ಮಣ್ಣು. "ಆದ್ರೆ ಐದು ಅನ್ನೋದು ಖಂಡಿತ. ಐದು!"

ಅಂಥ ಕೇಕೆ ಪುರದಲ್ಲಿ ಚುನಾವಣೆ ಗೆದ್ದಾಗಲೂ ಎದ್ದಿರಲಿಲ್ಲ. ನಿಂತಿದ್ದ ಬಸ್ಸುಗಳು ಕಾರಣ ತಿಳಿಯದೆ ಹಾರ್ನ್ ಹೊಡೆದವು. ಡ್ರೈವರ್ ಜೆಸಿಬಿಯ ಹಾರ ತೆಗೆದು ರೇಣುಕಪ್ಪನ ಕೊರಳಿಗೆ ಹಾಕಿ, ಅಮ್ಮನಿಗೆ ಫೋನು ಹಚ್ಚಿದ. ಶಂಕರಮ್ಮ ದೊನ್ನೆ ತುಂಬಿಸಿ ಎದ್ದಳು. ಗಂಡನ ಕೈಯಿಂದ ಕಾಯಿ ತೆಗೆದುಕೊಂಡಳು. ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆ ನೋಟ ಸಿಕ್ಕ ಮೇಲೆ ರೇಣುಕಪ್ಪನಿಗೆ ಹಾರ, ಕೇಕೆ, ಸರ್ ಎಂಬ ಮಾತು ಎಲ್ಲ ಚಿಲ್ಲರೆಯಾಗಿ ಕಂಡಿತು. ಅವಳು ಪೂಜೆಗೆ ಒಳಗೆ ಹೋದಳು.

"ಮಾತು ಅಂದ್ರೆ ಮಾತು," ಎಂದ ರಾಜಶೇಖರ್ ಎಲ್ಲರಿಗೂ ಕೇಳುವ ಹಾಗೆ. "ಒಂದು ಚಕ್ರ ಹರಿಸಲ್ಲ." ಹೇಳಿ ಮುಗಿಯುವಷ್ಟರಲ್ಲಿ ಅವನಿಗೆ ಬೇರೊಂದು ಹೊಳೆಯಿತು. ಮೊಬೈಲು ತೆಗೆದು ಬೀಗರಿಗೆ ಫೋನು ಮಾಡಿದ. "ಹಲೋ, ಬಾಳೆಹೊನ್ನೂರಾ? ನಮ್ಮ ಜಾಗದಲ್ಲಿ ಐದು ಜಾತಿ ತುಂಬೆ ಇದೆ! ಹೌದು, ನನ್ನದೇ ಜಾಗ! ಮೊದಲಿಂದ ಕಾಪಾಡಿಕೊಂಡು ಬಂದಿದ್ದು!" ಮಾತಿನ ಭರದಲ್ಲಿ ಗಿಡಗಳ ನಟ್ಟನಡುವೆ ನಡೆದುಬಂದ.

"ರಾಜಶೇಖರಣ್ಣ, ಕಾಲು!" ಪ್ರಸನ್ನಕುಮಾರ್ ಬೇಲಿಯ ಆಚೆಯಿಂದ ಕೂಗಿದ. "ಆ ಐದನೇದು ಅಲ್ಲಿ ಇನ್ನೂ ಎಷ್ಟಿವೆಯೋ ಗೊತ್ತಿಲ್ಲ. ಒಂದನ್ನೂ ತುಳೀಬೇಡಿ!"

ರಾಜಶೇಖರ್ ಎತ್ತಿದ ಬಲಗಾಲನ್ನು ಅಲ್ಲೇ ನಿಲ್ಲಿಸಿದ. ಕೆಳಗೆ ನೋಡಿದ. ಮುಂದೆ ತುಂಬೆ, ಹಿಂದೆ ತುಂಬೆ, ಎಡಕ್ಕೆ ಬಲಕ್ಕೆ ತುಂಬೆ. ಎಲ್ಲ ಬಿಳಿ.

ಅಷ್ಟರಲ್ಲಿ ಜನ ರೇಣುಕಪ್ಪನನ್ನೂ ಮೇಡಂ ಅವರನ್ನೂ ನಡುವೆ ಹಾಕಿಕೊಂಡು ಹೂವಪ್ಪನ ಅಂಗಡಿಯ ಕಡೆ ಹೊರಟಿದ್ದರು. ಪ್ರಸನ್ನಕುಮಾರ್ ಪುಸ್ತಕ ಮುಚ್ಚಿ ಅವರ ಹಿಂದೆ ಹೋದ. ಕೇಕೆ ದೂರವಾಗುತ್ತ ಹೋಯಿತು. ಜಾಗದ ಒಡೆಯ ಒಂಟಿಕಾಲಿನಲ್ಲಿ, ಕೈಗಳನ್ನು ಎರಡೂ ಬದಿಗೆ ಚಾಚಿಕೊಂಡು ನಿಂತಿದ್ದ.

"ಯಾರಾದ್ರೂ ಒಬ್ರು ಬಂದು, ಕಾಲು ಎಲ್ಲಿ ಇಡ್ಬೇಕು ಅಂತ ತೋರಿಸ್ರಪ್ಪಾ."